ಸಾಬಾಂಗಿನ ಹೆಬ್ಬಾತು ವ್ಯಾಜ್ಯ

ಕಡಲಂಚಿನ ಸಾಬಾಂಗ್ ಊರಿನ ಕ್ಷೌರಿಕ ಕ್ರಿಸ್ಪುಲೋ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳು ಹೇಳಬೇಕಾದರೆ ಯಾರಿಗೆ ಏನು ಹೇಳಿದೆ ಎನ್ನುವುದನ್ನು ನೆನಪಿಟ್ಟುಕೊಳ್ಳಬೇಕು. ಅವನೋ, ಎಡಗೆನ್ನೆ ಬೋಳಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ಗಿರಾಕಿಯ ಹೆಸರನ್ನೇ ಮರೆಯುವವನು. ಹೋದ ವರ್ಷ ಮದುಮಗನ ತಲೆ ಎಂದುಕೊಂಡು ಮದುಮಗನ ಅಣ್ಣನ ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಕುತ್ತಿಗೆಗೆ ಪೌಡರ್ ಬಡಿದು ಇಗರ್ಜಿಗೆ ಕಳಿಸಿದ್ದ. ಪಾದ್ರಿಗಳು ಆ ಅಣ್ಣನನ್ನೇ ಮುಂದೆ ಕರೆದರು. ಇಂಥವನಿಂದಾಗಿ ಊರಿಗೆ ಊರೇ ಸೇರಿ ಒಂದು ಹೆಬ್ಬಾತಿನ ಆತ್ಮಶಾಂತಿಗೆ ಪ್ರಾರ್ಥನೆ ಮಾಡಬೇಕಾಗಿ ಬಂತೆಂದರೆ, ಅದರಲ್ಲಿ ಅವನ ತಪ್ಪೆಷ್ಟು, ಊರಿನ ತಪ್ಪೆಷ್ಟು ಎನ್ನುವುದನ್ನು ಓದುವವರೇ ತೀರ್ಮಾನಿಸಲಿ.

ಎಲ್ಲಕ್ಕೂ ಮೂಲ ಒಂದು ಸಿನಿಮಾ. ‘ಮಂಜಿನ ಬಂದರು’ ಎಂಬ ಮಕ್ಕಳ ಕತೆಯ ಆರು ಪುಸ್ತಕಗಳನ್ನು ಲೋಕವೆಲ್ಲ ಓದಿತ್ತು. ಟಿಲ್ಡಾ ಎಂಬ ಹುಡುಗಿಯ ತಾಯಿಯನ್ನು ಮಂಜುರಾಜ ಕಡಲಾಚೆಗೆ ಕದ್ದೊಯ್ದಿದ್ದಾನೆ, ಹುಡುಗಿ ಹುಡುಕಿಕೊಂಡು ಹೊರಡುತ್ತಾಳೆ, ಜೊತೆಗೆ ಬಾರ್ನಬಿ ಎಂಬ ಒಂದು ಹೆಬ್ಬಾತು. ಅದಕ್ಕೆ ಒಂದು ಕಾಲು ಕುಂಟು, ಬಾಯಿ ಬಿಟ್ಟರೆ ಬೈಗುಳ. ಈಗ ಅದೆಲ್ಲ ಸಿನಿಮಾ ಆಗಿ, ಮೂರನೆಯ ಭಾಗವೂ ಬಂದು, ಡಿಸ್ಕ್ ಬಾಡಿಗೆಗೆ ಕೊಡುವ ನೋನೋಯ್ ತನ್ನ ಅಂಗಳದಲ್ಲಿ ಬೆಡ್‌ಶೀಟ್ ಕಟ್ಟಿ ಊರಿಗೆಲ್ಲ ತೋರಿಸಿದ್ದ. ಸಿನಿಮಾದವರು ಹೆಬ್ಬಾತನ್ನು ಕಿತ್ತುಹಾಕಿ ಅದರ ಜಾಗಕ್ಕೆ ರೋವನ್ ಎಂಬ ಚೆಂದದ ಹುಡುಗನನ್ನು ತಂದಿದ್ದರು. ಮರುದಿನದಿಂದ ಸಾಬಾಂಗಿನ ಹುಡುಗರೆಲ್ಲ ರೋವನ್ ಕಟ್ ಬೇಕೆಂದು ಕ್ರಿಸ್ಪುಲೋನ ಅಂಗಡಿಯ ಮುಂದೆ ಸಾಲು ನಿಂತರು. ಸಿನಿಮಾ ನೋಡದ ಕ್ರಿಸ್ಪುಲೋ ತನಗೆ ಗೊತ್ತಿದ್ದ ಒಂದೇ ಕಟ್ಟನ್ನು ಎಲ್ಲರಿಗೂ ಮಾಡಿದ. ವಾರದೊಳಗೆ ಊರಿನ ತುಂಬ ಪುಟ್ಟ ಪುಟ್ಟ ಪೊಲೀಸ್ ಪೇದೆಗಳು ಓಡಾಡತೊಡಗಿದರು.

ಊರು ಎರಡಾಯಿತು. ಶಾಲೆಯ ಟೀಚರ್ ವಿಸಿತಾ ಪುಸ್ತಕದ ಪಕ್ಷದ ನಾಯಕಿ. ಹಿರಿಯ ಗಂಡಸರನ್ನು ನೋಂಗ್, ಹಿರಿಯ ಹೆಂಗಸರನ್ನು ನಾಂಗ್ ಎನ್ನುವ ಹಾಗೆ ಊರಿನವರೆಲ್ಲ ಅವರನ್ನು ಮ್ಯಾಮ್ ಎಂದೇ ಕರೆಯುವುದು. ಸಿನಿಮಾ ಪಕ್ಷಕ್ಕೆ ನೋನೋಯ್. ಒಂದು ಮನೆಯಲ್ಲಿ ಗಂಡ ಸಿನಿಮಾ, ಹೆಂಡತಿ ಪುಸ್ತಕವಾಗಿ, ಒಣಮೀನನ್ನು ಬೇರೆ ಬೇರೆ ಬಾಣಲೆಯಲ್ಲಿ ಹುರಿದುಕೊಂಡರು. ಪುಸ್ತಕದ ಪಕ್ಷದಲ್ಲಿ ಪುಸ್ತಕ ಓದಿದವರು ಇಬ್ಬರೋ ಮೂವರೋ. ಸಿನಿಮಾ ಪಕ್ಷದಲ್ಲಿ ಕೊನೆತನಕ ನಿದ್ದೆ ಮಾಡದೆ ನೋಡಿದವರು ಅದಕ್ಕೂ ಕಡಿಮೆ. ಆದರೆ ಅಭಿಪ್ರಾಯ ಎಲ್ಲರಿಗೂ ಇತ್ತು.

ಆ ಗುರುವಾರ ಬೆಳಿಗ್ಗೆ ನೋನೋಯ್ ಕ್ಷೌರಕ್ಕೆ ಬಂದು ಕುರ್ಚಿಯಲ್ಲಿ ಒರಗಿದ್ದ. ಆ ಕುರ್ಚಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ತಿರುಗುತ್ತದೆ, ಏರುತ್ತದೆ, ಹಿಂದಕ್ಕೆ ಬಾಗುತ್ತದೆ. ಕ್ರಿಸ್ಪುಲೋನ ಹೆಂಡತಿ ಲೂಮಿಂಗ್ ಹಾಂಗ್‌ಕಾಂಗಿಗೆ ಕೆಲಸಕ್ಕೆ ಹೋದ ಮೊದಲ ವರ್ಷ ಕಳಿಸಿದ ದುಡ್ಡಿನಲ್ಲಿ ಕೊಂಡದ್ದು. ಹದಿನೆಂಟು ವರ್ಷದಲ್ಲಿ ಊರಿನ ಗಂಡಸರೆಲ್ಲ ಅದರಲ್ಲಿ ಕೂತಿದ್ದಾರೆ, ಒಂದು ಸಲ ಕೋಳಿ ಅಂಕದಿಂದ ತಪ್ಪಿಸಿಕೊಂಡು ಬಂದ ಹುಂಜವೂ ಕೂತಿದೆ. ಕ್ರಿಸ್ಪುಲೋ ಮಾತ್ರ ಕೂತಿಲ್ಲ. "ಅದು ಗಿರಾಕಿಗೆ" ಎನ್ನುತ್ತಿದ್ದ. ನಿಂತೂ ನಿಂತೂ ಅವನ ಎರಡೂ ಕಾಲಿನ ನರಗಳು ಹಗ್ಗದಂತೆ ಗಂಟು ಕಟ್ಟಿಕೊಂಡಿದ್ದವು.

ನೋನೋಯನ ಒಂದು ಕೆನ್ನೆ ಮುಗಿದಿತ್ತು. ಇನ್ನೊಂದಕ್ಕೆ ನೊರೆ ಬಳಿದು ಕ್ರಿಸ್ಪುಲೋ ಕತ್ತಿ ಮಸೆಯುತ್ತಿದ್ದಾಗ ಮ್ಯಾಮ್ ವಿಸಿತಾ ಬಾಗಿಲಲ್ಲಿ ಕಾಣಿಸಿಕೊಂಡರು.

"ನೋನೋಯ್, ನಿನ್ನನ್ನೇ ಹುಡುಕ್ತಿದ್ದೆ. ಟಿಲ್ಡಾಳ ಸ್ನೇಹಿತರ ಹೆಸರು ಬರೀರಿ ಅಂತ ಪರೀಕ್ಷೇಲಿ ಕೇಳಿದ್ರೆ ನಲವತ್ತು ಮಕ್ಕಳು ರೋವನ್ ಅಂತ ಬರೆದಿದಾವೆ. ಒಬ್ಬಳಂತೂ ಪಕ್ಕದಲ್ಲಿ ಹೃದಯದ ಚಿತ್ರ ಬೇರೆ ಬರೆದಿದಾಳೆ. ಪುಸ್ತಕದಲ್ಲಿ ಎಲ್ಲಯ್ಯಾ ಇದಾನೆ ಆ ರೋವನ್ನು?"

"ಒಂದು ಹೆಬ್ಬಾತನ್ನ ನೋಡಕ್ಕೆ ಯಾರು ಬರ್ತಾರೆ ಮ್ಯಾಮ್? ಹೆಬ್ಬಾತು ಬೇಕಾದ್ರೆ ನಮ್ಮ ಹಿತ್ತಲಲ್ಲಿ ಪುಕ್ಕಟೆ ನೋಡ್ಬೋದು."

"ಅದು ಬರೀ ಹೆಬ್ಬಾತಲ್ಲ! ಅದು ನಿಷ್ಠೆ!"

"ನಮ್ಮ ಹಿತ್ತಲದ್ದೂ ನಿಷ್ಠೆನೇ. ನನ್ನ ಬಿಟ್ಟು ಇನ್ಯಾರನ್ನೂ ಕಚ್ಚಲ್ಲ."

ಮಾತು ಇಲ್ಲಿಗೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಕ್ರಿಸ್ಪುಲೋನಿಗೆ ಒಂದು ಚಪಲ. ಓದಿದವರು ಮಾತಾಡುವಾಗ ತನಗೂ ಒಂದಿಷ್ಟು ಗೊತ್ತೆಂದು ತೋರಿಸದಿದ್ದರೆ ಅವನ ನಾಲಿಗೆ ತುರಿಸುತ್ತದೆ.

"ನೀವಿಬ್ರೂ ನಿನ್ನೆ ಮೊನ್ನೆ ಬಂದೋರು. ನಂಗೆ ಈ ಕತೆ ಹದಿನೆಂಟು ವರ್ಷದಿಂದ ಗೊತ್ತು. ಮ್ಯಾಮ್ ಹೇಳೋದೇ ಸರಿ, ಹೆಬ್ಬಾತಿಲ್ದೆ ಕತೇನೇ ಇಲ್ಲ. ಐದನೇ ಪುಸ್ತಕದಲ್ಲಿ ಇಡೀ ಬಂದರನ್ನ ಒಬ್ಬನೇ ಕಾಯ್ತಾನಲ್ಲ ನಮ್ಮ ಬೆರ್ನಾಬೆ, ಏನ್ ಗತ್ತು ಅವನದು!"

ಮ್ಯಾಮ್ ವಿಸಿತಾ ಹುಬ್ಬು ಗಂಟಿಕ್ಕಿದರು. "ಬೆರ್ನಾಬೆ ಅಂದ್ರೆ ಬಾರ್ನಬಿನಾ? ಐದನೇದರಲ್ಲಿ ಅದೆಲ್ಲಿಂದ ಬಂತು ನೋಂಗ್ ಪುಲೋ? ಮೂರನೇ ಪುಸ್ತಕದ ಕೊನೇಲೇ ಸತ್ತುಹೋಯ್ತಲ್ಲ."

ಕತ್ತಿ ನೋನೋಯನ ಗಂಟಲ ಮೇಲೆ ನಿಂತಿತು. ನೋನೋಯನ ಉಸಿರೂ ನಿಂತಿತು.

"ಯಾರು ಸತ್ತಿದ್ದು?"

"ಬಾರ್ನಬಿ. ಮಂಜುರಾಜನ ಬಾಣಕ್ಕೆ ಎದೆ ಕೊಟ್ಟು. ನಮ್ಮ ಮಕ್ಕಳು ಪ್ರತಿ ವರ್ಷ ಆ ಪಾಠಕ್ಕೆ ಅಳ್ತಾರೆ."

"ಇಲ್ಲ ಮ್ಯಾಮ್. ಬಾಣ ಬಿದ್ದಿದ್ದು ನಿಜ. ಆದ್ರೆ ರೆಕ್ಕೆಗೆ ಬಿತ್ತು. ಟಿಲ್ಡಾ ಸೀಬೆ ಎಲೆ ಅರೆದು ಕಟ್ಟಿದ್ಲು, ನಾಲ್ಕೇ ದಿನಕ್ಕೆ ವಾಸಿಯಾಯ್ತು."

"ಹಿಮ ಬೀಳೋ ದೇಶದಲ್ಲಿ ಸೀಬೆ ಗಿಡ ಎಲ್ಲಿಂದ ಬರುತ್ತೆ ನೋಂಗ್ ಪುಲೋ?"

"ಅವರ ಹಿತ್ತಲಲ್ಲಿತ್ತು."

"ಸತ್ತಿತೋ ಬದುಕಿತೋ, ಮೊದಲು ಕತ್ತಿ ತೆಗೀರಿ!" ಎಂದು ನೋನೋಯ್ ಹಲ್ಲು ಕಚ್ಚಿಕೊಂಡೇ ಕೂಗಿದ.

ಕ್ರಿಸ್ಪುಲೋ ಕತ್ತಿ ತೆಗೆದ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಹೊರಟುಹೋದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ನೊರೆ, ನೋನೋಯ್ ಕನ್ನಡಿಯನ್ನೇ ನೋಡುತ್ತ ಕೂತ.

ನಿಜ ಹೇಳಬೇಕೆಂದರೆ ಕ್ರಿಸ್ಪುಲೋ ಆ ಪುಸ್ತಕಗಳನ್ನು ಓದಿದವನಲ್ಲ. ಕೇಳಿದವನು. ಲೂಮಿಂಗ್ ಹಾಂಗ್‌ಕಾಂಗಿನ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವವಳು. ಆಗ ಊರಿನಲ್ಲಿ ಫೋನಿರಲಿಲ್ಲ, ಕಾಗದ ಬರೆಯುವುದೆಂದರೆ ಗಂಡಹೆಂಡತಿ ಇಬ್ಬರಿಗೂ ಜ್ವರ ಬರುತ್ತಿತ್ತು. ಕಡಲಾಚೆ ಹೋದವರೆಲ್ಲ ಮಾಡುವಂತೆ ಅವಳೂ ತಿಂಗಳಿಗೊಂದು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳು. ಅವನೂ ತುಂಬಿ ಕಳಿಸುತ್ತಿದ್ದ. ಅವಳ ಕ್ಯಾಸೆಟ್ಟಿನ ಮೊದಲ ಬದಿಯಲ್ಲಿ ಅಕ್ಕಿ ಡಬ್ಬದ ಮುಚ್ಚಳ, ಮಾಡಿನ ತಗಡು, ಸೇಂದಿ ಕಡಿಮೆ ಮಾಡು ಇತ್ಯಾದಿ. ಎರಡನೆಯ ಬದಿಯಲ್ಲಿ, ಮಗುವನ್ನು ಮಲಗಿಸುವಾಗ ಓದಿದ ಕತೆಯನ್ನು ತಮ್ಮೂರಿನ ಮಾತಿನಲ್ಲಿ ಗಂಡನಿಗೆ ಹೇಳುತ್ತಿದ್ದಳು. ಎಂಟು ವರ್ಷದಲ್ಲಿ ನಾಲ್ಕೂವರೆ ಪುಸ್ತಕವಾಯಿತು. ಗಿರಾಕಿಗಳ ಹೆಸರು ಮರೆಯುವ ಕ್ರಿಸ್ಪುಲೋನಿಗೆ ಆ ಕತೆ ಮಾತ್ರ ಎಲ್ಲಿ ಅವಳು ಕೆಮ್ಮಿದಳು ಎಂಬುದರ ಸಮೇತ ನೆನಪಿತ್ತು.

ಆಮೇಲೆ ಮೊಬೈಲ್ ಬಂತು. ಎಲ್ಲರೂ ಒಳ್ಳೆಯದಾಯಿತು ಎಂದರು. ಊಟ ಆಯ್ತಾ, ಮಳೆ ಬಂತಾ, ಕಾಲು ಹೇಗಿದೆ ಎನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತಿತ್ತು. ಕ್ಯಾಸೆಟ್ಟು ನಿಂತುಹೋಯಿತು. ಐದನೆಯ ಪುಸ್ತಕದ ನಡುವೆ, ಬೆರ್ನಾಬೆ ಬಂದರಿನ ಕಲ್ಲಿನ ಮೇಲೆ ಕುಂಟು ಕಾಲಿನಲ್ಲಿ ನಿಂತು ದೋಣಿಯ ದಾರಿ ಕಾಯುತ್ತಿದ್ದ. ಹತ್ತು ವರ್ಷದಿಂದ ಅಲ್ಲಿಯೇ ನಿಂತಿದ್ದ.

ಎರಡು ವರ್ಷಕ್ಕೊಮ್ಮೆ ಲೂಮಿಂಗ್ ಹದಿನೈದು ದಿನ ರಜೆಗೆ ಬರುತ್ತಿದ್ದಳು. ಆ ಹದಿನೈದು ದಿನ ಮನೆಯೆಂದರೆ ಬಸ್ ನಿಲ್ದಾಣ. ಸೋಪಿಗೆ ಬಂದವರು, ಚಾಕೊಲೇಟಿಗೆ ಬಂದವರು, ಅವಳು ದುಡ್ಡು ಕೊಟ್ಟು ಓದಿಸುತ್ತಿದ್ದ ತಂಗಿ ಮಕ್ಕಳು, ಅವರ ಸ್ನೇಹಿತರು. ಬೀಳ್ಕೊಡುವಾಗ ಮಾತ್ರ ಕ್ರಿಸ್ಪುಲೋ ಕೇಳುತ್ತಿದ್ದ, "ಬಾಕಿ ಕತೆ?" ಎಂದು. "ಅದು ನಾನು ಕಾಯಂ ಆಗಿ ಬಂದ್ಮೇಲೆ" ಎನ್ನುತ್ತಿದ್ದಳು ಲೂಮಿಂಗ್. ಯಾವಾಗ ಕಾಯಂ ಬರುತ್ತೀಯ ಎಂದು ಅವನು ಕೇಳುತ್ತಿರಲಿಲ್ಲ. ಮೊದಲ ವರ್ಷ ಒಂದು ಸಲ ಕೇಳಿದ್ದಕ್ಕೆ, ಮುಂದಿನ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಅವಳ ಅಳುವೇ ಬಂದಿತ್ತು. ಕತೆ ಬಾಕಿ ಇದೆಯಲ್ಲ, ಬಾಕಿ ಇರುವ ತನಕ ಅವಳು ಬರಲೇಬೇಕು ಎಂದು ಸಮಾಧಾನ ಮಾಡಿಕೊಂಡಿದ್ದ. ಈಗ ಮ್ಯಾಮ್ ವಿಸಿತಾ ಹೇಳುತ್ತಾರೆ, ಹೆಬ್ಬಾತು ಎಂದೋ ಸತ್ತಿದೆ ಎಂದು. ಹಾಗಾದರೆ ದೋಣಿ ಕಾಯುತ್ತಿರುವವರು ಯಾರು? ಬಾಕಿ ಉಳಿದದ್ದಾದರೂ ಏನು?

ಮಟಮಟ ಮಧ್ಯಾಹ್ನ ಕ್ಷೌರದಂಗಡಿ ಮುಚ್ಚಿದ್ದನ್ನು ಕಂಡು ಊರಿಗೆ ದಿಗಿಲಾಯಿತು. ನಾಂಗ್ ಕಾರಿದಾದ್ ವಿಚಾರಿಸಲು ಬಂದರು. ಈ ಮುದುಕಿ ಊರಿನಲ್ಲಿ ಯಾರು ಸತ್ತರೂ ಒಂಬತ್ತು ದಿನದ ಪ್ರಾರ್ಥನೆ ಹೇಳಿಸುವವರು. ಕ್ರಿಸ್ಪುಲೋ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ.

"ಏನಾ​ಯ್ತೋ ಪುಲೋ?"

"ಬೆರ್ನಾಬೆ ಹೋಗ್ಬಿಟ್ಟ ಅಂತಾರೆ, ನಾಂಗ್."

"ಅಯ್ಯೋ ದೇವರೇ. ಯಾವಾಗ?"

"ಬಹಳ ವರ್ಷ ಆಯ್ತಂತೆ. ನಂಗೆ ಇವತ್ತು ಹೇಳ್ತಿದಾರೆ."

"ಏನಾಗಿತ್ತು?"

ಕ್ರಿಸ್ಪುಲೋ ಎದೆ ಮುಟ್ಟಿ ತೋರಿಸಿದ. "ಎದೆ."

"ಹಾರ್ಟು!" ನಾಂಗ್ ಕಾರಿದಾದ್ ಶಿಲುಬೆಯ ಗುರುತು ಮಾಡಿಕೊಂಡರು. "ಲೂಮಿಂಗಿಗೆ ಗೊತ್ತಾ?"

"ಗೊತ್ತಿದ್ದೂ ನನ್ನಿಂದ ಮುಚ್ಚಿಟ್ಲು."

ಇಷ್ಟು ಸಾಕಾಯಿತು. ಲೂಮಿಂಗಿನ ಕಡೆಯ ಯಾರೋ ಹತ್ತಿರದ ನೆಂಟ. ಪಾಪ, ಒಂದು ಪ್ರಾರ್ಥನೆಯೂ ಇಲ್ಲದೆ ಹೋಗಿದ್ದಾನೆ ಎಂದು ನಾಂಗ್ ಕಾರಿದಾದ್ ತೀರ್ಮಾನಿಸಿದರು. ಸಂಜೆಯೊಳಗೆ ಮನೆಯಲ್ಲಿ ಮೇಣದಬತ್ತಿ, ಹೂವು, ಕಾಫಿ, ಬಿಸ್ಕತ್ತು. ಹೆಂಗಸರು ಒಳಗೆ ಜಪಮಾಲೆ ಹಿಡಿದರು, ಗಂಡಸರು ಹೊರಗೆ ಇಸ್ಪೀಟು ಹಾಕಿದರು. ಹೆಬ್ಬಾತಿಗಾಗಿ ಊರು ಇಷ್ಟು ಮರುಗಿತಲ್ಲ ಎಂದು ಕ್ರಿಸ್ಪುಲೋ ಬಂದವರಿಗೆಲ್ಲ ತಾನೇ ಕಾಫಿ ಬಗ್ಗಿಸಿ ಕೊಟ್ಟ.

"ಹೇಗಿದ್ದ ಮನುಷ್ಯ?" ಎಂದು ಯಾರೋ ಕೇಳಿದರು.

"ಒಂದು ಕಾಲು ಕುಂಟು. ಬಾಯಿ ಬಹಳ ಕೆಟ್ಟದ್ದು. ಆದ್ರೆ ನಂಬಿದೋರನ್ನ ಬಿಟ್ಟು ಹೋಗ್ತಿರ್ಲಿಲ್ಲ. ಈಜೋದ್ರಲ್ಲಂತೂ ಎತ್ತಿದ ಕೈ."

"ನಂಗೆ ಗೊತ್ತಿತ್ತು ಅವನು," ಎಂದ ಬಲೆ ಹೆಣೆಯುವ ಒಬ್ಬ ಮುದುಕ, ಎಲೆ ಕೆಳಗಿಡುತ್ತ. "ಒಂದ್ಸಲ ನನ್ನ ಬಲೆ ತಗೊಂಡೋದ. ವಾಪಸ್ ಕೊಡ್ಲಿಲ್ಲ. ಇರ್ಲಿ, ಹೋದೋರ ಬಗ್ಗೆ ಯಾಕೆ."

ಎರಡನೆಯ ದಿನಕ್ಕೆ ಬೆರ್ನಾಬೆಯನ್ನು ಕಂಡವರು ಆರು ಮಂದಿಯಾದರು. ಮೂರನೆಯ ದಿನ ಮ್ಯಾಮ್ ವಿಸಿತಾ ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾಂಗ್ ಕಾರಿದಾದ್ ಕಣ್ಣು ಮುಚ್ಚಿ "ನಿನ್ನ ಸೇವಕ ಬೆರ್ನಾಬೆಗೆ" ಎಂದಾಗ ಮ್ಯಾಮ್ ಪಕ್ಕದವಳನ್ನು ಕೇಳಿದರು, "ಯಾರಿವರು ಬೆರ್ನಾಬೆ?"

"ನೀವೇ ಅಲ್ವಾ ಮ್ಯಾಮ್ ಹೇಳಿದ್ದು!" ಎಂದ ಮುಂದಿನ ಸಾಲಿನಿಂದ ಕ್ರಿಸ್ಪುಲೋ, ಕೃತಜ್ಞತೆಯಿಂದ.

"ನಾನು ಹೇಳಿದ್ದು ಹೆಬ್ಬಾತಿನ ವಿಷಯ."

ಜಪಮಾಲೆ ನಿಂತಿತು. ಹೊರಗೆ ಇಸ್ಪೀಟೂ ನಿಂತಿತು.

"ಎಂಥಾ ಹೆಬ್ಬಾತು?" ನಾಂಗ್ ಕಾರಿದಾದ್ ಒಂದೇ ಕಣ್ಣು ತೆರೆದರು.

"ಕತೆ ಪುಸ್ತಕದ್ದು, ನಾಂಗ್."

"ಅಂದ್ರೆ ಅದಕ್ಕೆ ಪ್ರಾಣಾನೂ ಇರ್ಲಿಲ್ವಾ?" ಮುದುಕಿ ಎದ್ದು ನಿಂತರು. "ನಾನು ಕಳ್ಳರಿಗೆ ಪ್ರಾರ್ಥನೆ ಮಾಡಿದೀನಿ, ಕುಡುಕರಿಗೆ ಮಾಡಿದೀನಿ, ಒಂದ್ಸಲ ವೋಟಿಗೆ ನಿಂತೋರಿಗೂ ಮಾಡಿದೀನಿ. ಹುರಿಯೋ ಪದಾರ್ಥಕ್ಕೆ ಮಾಡಿದ್ದು ಇದೇ ಮೊದಲು!"

"ಹಾಗಾದ್ರೆ ನನ್ನ ಬಲೆ ತಗೊಂಡೋದೋರು ಯಾರು?" ಎಂದ ಬಲೆಯ ಮುದುಕ.

ಮರುದಿನ ಭಾನುವಾರ. ಪೂಜೆ ಮುಗಿಯುತ್ತಲೇ ಇಡೀ ಊರು ಇಗರ್ಜಿಯಿಂದ ನೇರವಾಗಿ ಊರ ಕಚೇರಿಗೆ ನಡೆಯಿತು. ಸಾಬಾಂಗಿನಲ್ಲಿ ಯಾವ ಜಗಳವೂ ಕೋರ್ಟಿಗೆ ಹೋಗುವ ಮೊದಲು ಊರಿನ ಮುಖ್ಯಸ್ಥೆ ಕಪಿತಾನಾ ಎರ್ಲಿಂದಾಳ ಮುಂದೆ ಬರಬೇಕು. ಬೇಲಿ ದಾಟಿದ ಹಂದಿ, ಗೋಡೆ ದಾಟಿದ ಗಂಡ, ಎಲ್ಲವನ್ನೂ ಆಕೆ ರಾಜಿ ಮಾಡಿಸಿದ್ದಾಳೆ. ಆಕೆಯ ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಹಾಗಾಗಿ ಪರರ ಜಗಳಕ್ಕೆ ಆಕೆಗೆ ಬೇಕಾದಷ್ಟು ಹೊತ್ತಿತ್ತು.

ದೂರುಗಳು ಮೂರು. ಕ್ರಿಸ್ಪುಲೋ ಪ್ರಾರ್ಥನೆಯನ್ನು ಹಾಸ್ಯಕ್ಕೆ ಗುರಿ ಮಾಡಿದ ಎಂದು ನಾಂಗ್ ಕಾರಿದಾದ್. ಸತ್ತ ಪಾತ್ರವನ್ನು ಬದುಕಿಸಿ ಮಕ್ಕಳ ದಾರಿ ತಪ್ಪಿಸುತ್ತಿದ್ದಾನೆ ಎಂದು ಮ್ಯಾಮ್ ವಿಸಿತಾ; ಆರು ಪುಸ್ತಕಗಳನ್ನೂ ಎದೆಗವಚಿಕೊಂಡು ಬಂದಿದ್ದರು. ಮೂರನೆಯದು ನೋನೋಯನದು. ಅವನು ಎದ್ದು ನಿಂತು ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿದ. ಸಾಕ್ಷಿ ನಾಶವಾಗಬಾರದೆಂದು ನಾಲ್ಕು ದಿನದಿಂದ ಅರ್ಧ ಗಡ್ಡವನ್ನು ಹಾಗೆಯೇ ಉಳಿಸಿಕೊಂಡಿದ್ದ.

"ಏನ್ ಹೇಳ್ತೀರಾ ನೋಂಗ್ ಪುಲೋ?" ಎಂದಳು ಕಪಿತಾನಾ.

"ನಾನು ಸುಳ್ಳು ಹೇಳಿಲ್ಲ. ಲೂಮಿಂಗೂ ಹೇಳಿಲ್ಲ," ಎಂದ ಕ್ರಿಸ್ಪುಲೋ. ಬಿಸ್ಕತ್ತಿನ ಡಬ್ಬದಲ್ಲಿ ಕ್ಯಾಸೆಟ್ಟುಗಳನ್ನೂ ಬಗಲಲ್ಲಿ ರೆಕಾರ್ಡರನ್ನೂ ತಂದಿದ್ದ. "ಬೆರ್ನಾಬೆಗೆ ಬಾಣ ಬಿದ್ದಿದ್ದು ಇದರಲ್ಲಿದೆ, ನೀವೇ ಕೇಳಿ." ಹೆಮ್ಮೆಯಿಂದ ಗುಂಡಿ ಒತ್ತಿದ. ಎಂದಿನಂತೆ ಕ್ಯಾಸೆಟ್ಟನ್ನು ತಪ್ಪು ಬದಿಗೆ ಹಾಕಿದ್ದ.

"ಪುಲೋ," ಎಂದಿತು ರೆಕಾರ್ಡರು. ಆಗಿನ್ನೂ ಇಪ್ಪತ್ತೇಳರ ಹರೆಯದಲ್ಲಿದ್ದ ಲೂಮಿಂಗಿನ ದನಿ. "ನೀನು ಕಳಿಸಿದ್ದರಲ್ಲಿ ನಿನ್ನ ಕೆಮ್ಮು ಕೇಳಿಸ್ತು. ಒದ್ದೆ ಬನೀನು ಹಾಕ್ಕೋಬೇಡ ಅಂತ ಎಷ್ಟು ಸಲ ಹೇಳ್ಬೇಕು? ನಿನ್ನ ತಲೆಗೂದಲು ಯಾರು ಕತ್ತರಿಸ್ತಿದಾರೆ ಈಗ? ಊರಿಗೆಲ್ಲ ನೀನು ಕತ್ತರಿಸ್ತೀಯ, ನಿನ್ನ ಹಿಂದ್ಗಡೆ ನೋಡೋಕೆ ಯಾರಿದಾರೆ?"

ಊರೆಲ್ಲ ಕ್ರಿಸ್ಪುಲೋನ ಕತ್ತಿನ ಹಿಂಭಾಗ ನೋಡಿತು. ಅಲ್ಲಿ ಕೂದಲು ಮೆಟ್ಟಿಲು ಮೆಟ್ಟಿಲಾಗಿತ್ತು. ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಕ್ರಿಸ್ಪುಲೋ ಗಾಬರಿಯಿಂದ ನಿಲ್ಲಿಸುವ ಗುಂಡಿ ಹುಡುಕಿದ, ಸಿಗಲಿಲ್ಲ.

"ಅತ್ತೆ ಹೋದ ಮೇಲೆ ನೀನು ಸರಿಯಾಗಿ ಊಟ ಮಾಡ್ತಿಲ್ಲ ಅಂತ ನೆರೆಮನೆಯೋರು ಬರೆಸಿದಾರೆ. ಬೆರ್ನಾಬೆಗೂ ಏನಾದ್ರೂ ಆಗ್ಬಿಟ್ರೆ ತಡ್ಕೊಳ್ಳಕ್ಕಾಗಲ್ಲ ಅಂತ ಹೇಳಿದ್ಯಲ್ಲ. ಹುಚ್ಚಾ, ಅತ್ತಿದೀಯ ಅಂತ ನಂಗೆ ಗೊತ್ತಾಗುತ್ತೆ. ಅವನಿಗೇನೂ ಆಗಲ್ಲ. ನಾನು ಬಿಡಲ್ಲ. ಕ್ಯಾಸೆಟ್ ತಿರುಗಿಸಿ ಕೇಳು."

ಕ್ರಿಸ್ಪುಲೋ ಈ ಮಾತನ್ನು ನೂರು ಸಲ ಕೇಳಿದ್ದ. ಇಂದು ಅರ್ಥವಾಯಿತು. ಅಮ್ಮ ತೀರಿಕೊಂಡ ತಿಂಗಳಲ್ಲಿ, ಎದೆಗೆ ಬರುತ್ತಿದ್ದ ಬಾಣವನ್ನು ಲೂಮಿಂಗ್ ರೆಕ್ಕೆಗೆ ತಿರುಗಿಸಿದ್ದಳು. ಅವನು ಬಿಸ್ಕತ್ತಿನ ಡಬ್ಬವನ್ನು ಅಪ್ಪಿಕೊಂಡು ನಿಂತುಬಿಟ್ಟ; ಕ್ಯಾಸೆಟ್ಟನ್ನು ಕಪಿತಾನಾಳೇ ತಿರುಗಿಸಿ ಹಾಕಬೇಕಾಯಿತು.

ಬಾಣ ಬಂತು, ರೆಕ್ಕೆಗೆ ಬಿತ್ತು. "ಅಯ್ಯೋ, ಸೀಬೆ ಎಲೆ ಹಾಕ್ಬೇಕು!" ಎಂದು ನಾಂಗ್ ಕಾರಿದಾದ್ ಉದ್ಗರಿಸಿದರು. ಟಿಲ್ಡಾ ಸೀಬೆ ಎಲೆಯನ್ನೇ ಹಾಕಿದಳು. ನೋಡಿದಿರಾ ಎಂಬಂತೆ ಮುದುಕಿ ಸುತ್ತಲೂ ನೋಡಿದರು.

"ಆದ್ರೆ ಪುಸ್ತಕದಲ್ಲಿ ನೂರ ತೊಂಬತ್ತನೇ ಪುಟ," ಎಂದು ಮ್ಯಾಮ್ ವಿಸಿತಾ ಬಾಯಿ ತೆರೆದರು.

"ಶ್! ಸುಮ್ನಿರಿ ಮ್ಯಾಮ್, ಕೇಳ್ಸಲ್ಲ!" ಎಂದು ನಾಲ್ಕೂ ಕಡೆಯಿಂದ ಗದರಿದರು.

ಇನ್ನೊಂದು ಕ್ಯಾಸೆಟ್ಟು ಹಾಕಿದರು, ಮತ್ತೊಂದು ಹಾಕಿದರು. ಹೆಬ್ಬಾತು ಮಂಜುರಾಜನಿಗೆ ಸಾಬಾಂಗಿನ ಮೀನು ಮಾರುವವರ ಬೈಗುಳಗಳನ್ನೇ ಬೈಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಟಿಲ್ಡಾ ತಾಯಿಯ ಉಡುಪಿನ ವಾಸನೆ ನೆನೆದು ಅತ್ತಾಗ ಯಾರೂ ನಗಲಿಲ್ಲ. ಆ ಕಚೇರಿಯಲ್ಲಿ ಕೂತವರಲ್ಲಿ ಕಡಲಾಚೆ ತಮ್ಮವರು ಯಾರೂ ಇಲ್ಲದವರು ಬಲೆಯ ಮುದುಕನೊಬ್ಬನೇ. ನೋನೋಯನ ಹೆಂಡತಿ ಕುವೈತಿಗೆ ಹೋಗಿ ಐದು ವರ್ಷವಾಗಿತ್ತು. ಅವನು ಗಡ್ಡವಿದ್ದ ಕೆನ್ನೆಯನ್ನು ಮಾತ್ರ ಒರೆಸಿಕೊಂಡ. ಊಟದ ಹೊತ್ತು ಮೀರಿತು. ಯಾರೋ ಹೋಗಿ ಒಂದು ಪಾತ್ರೆ ನೂಡಲ್ ಸಾರು ತಂದರು, ಪುಸ್ತಕ, ಸಿನಿಮಾ, ಪ್ರಾರ್ಥನೆ ಮೂರೂ ಪಕ್ಷದವರು ಒಂದೇ ಪಾತ್ರೆಯಿಂದ ಬಡಿಸಿಕೊಂಡರು.

ಕೊನೆಯ ಕ್ಯಾಸೆಟ್ಟು. ಬೆರ್ನಾಬೆ ಕಲ್ಲಿನ ಮೇಲೆ ನಿಂತಿದ್ದಾನೆ. ಸುತ್ತ ಮಂಜು. ತಾಯಿಯನ್ನು ಕರೆತರಲು ಹೋದ ಟಿಲ್ಡಾಳ ದೋಣಿಯ ಸುಳಿವಿಲ್ಲ. ‘ನಾನು ಇಲ್ಲೇ ಇರ್ತೀನಿ, ಹೋಗಿ ಬಾ’ ಎಂದು ಮಾತು ಕೊಟ್ಟಿದ್ದಾನೆ. "ಟೇಪು ಮುಗೀತಾ ಬಂತು ಪುಲೋ, ಮಿಕ್ಕಿದ್ದು ಮುಂದಿನ ತಿಂಗಳು," ಎಂದಿತು ದನಿ. ಕಟಕ್.

"ಆಮೇಲೆ?" ಎಂದಿತು ಊರು.

ಎಲ್ಲರೂ ಮ್ಯಾಮ್ ವಿಸಿತಾರ ಕಡೆ ತಿರುಗಿದರು. ಮ್ಯಾಮ್ ಐದನೆಯ ಪುಸ್ತಕ ತಿರುವಿದರು, ಆರನೆಯದನ್ನು ತಿರುವಿದರು, ಮುಚ್ಚಿದರು. "ಇದರಲ್ಲಿಲ್ಲ," ಎಂದರು. ಆ ಪುಸ್ತಕಗಳ ಬಗ್ಗೆ ಅವರು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಊರು ಕೇಳಿರಲಿಲ್ಲ.

"ಸಿನಿಮಾದಲ್ಲೂ ಇಲ್ಲ," ಎಂದ ನೋನೋಯ್.

"ಇವತ್ತು ಭಾನುವಾರ," ಎಂದಳು ಕಪಿತಾನಾ. "ಲೂಮಿಂಗಿಗೆ ರಜ."

ತನ್ನ ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಕರೆ ಮಾಡಿದಳು. ಆ ಕಡೆಯಿಂದ ನೂರಾರು ಹೆಂಗಸರ ಗಲಗಲ. ಭಾನುವಾರದ ರಜೆಗೆ ಮನೆಗೆಲಸದವರೆಲ್ಲ ಅಲ್ಲಿನ ಚೌಕದಲ್ಲಿ ರಟ್ಟು ಹಾಸಿ ಕೂತು ಹರಟುತ್ತಾರೆ.

"ಕಪಿತಾನಾ? ಏನಾಯ್ತು? ಪುಲೋಗೆ ಏನಾಯ್ತು?"

"ಗಾಬರಿ ಆಗ್ಬೇಡ ಲೂಮಿಂಗ್, ನಾನು ಕಾರಿದಾದ್. ಬೆರ್ನಾಬೆಗೆ ಏನಾಯ್ತು ಹೇಳು."

"ಯಾವ ಬೆರ್ನಾಬೆ?"

ಕ್ರಿಸ್ಪುಲೋ ಕ್ಯಾಸೆಟ್ಟಿನ ಡಬ್ಬದ ಮುಚ್ಚಳ ಹಾಕತೊಡಗಿದ.

"ಅದೇ, ಕುಂಟು ಹೆಬ್ಬಾತು!" ಎಂದು ಮೂವತ್ತು ಗಂಟಲು ಒಟ್ಟಿಗೆ ಕೂಗಿದವು.

ಆ ಕಡೆ ನಗು. "ಅಯ್ಯೋ ದೇವರೇ! ಅವನಿನ್ನೂ ಅಲ್ಲೇ ನಿಂತಿದಾನಾ?"

"ನೀನು ಎಲ್ಲಿ ಬಿಟ್ಯೋ ಅಲ್ಲೇ," ಎಂದಳು ಕಪಿತಾನಾ. "ಊರಿನ ಪರವಾಗಿ ಕೇಳ್ತಿದೀನಿ, ಕೊನೆ ಏನಾಯ್ತು ಹೇಳು. ಕಡತದಲ್ಲಿ ಬರೀಬೇಕು."

"ಸರಿ, ಹೇಳ್ತೀನಿ ಕೇಳಿ. ಒಂದಿನ ಬೆಳಿಗ್ಗೆ ಮಂಜು ಕರಗ್ತಾ ಬಂತು. ದೂರದಲ್ಲಿ ಏನೋ ಕಪ್ಪಗೆ, ದೋಣಿ ಥರ..."

"ಹೇಳ್ಬೇಡ!"

ಕ್ರಿಸ್ಪುಲೋ ಮೇಜಿನ ಮೇಲೆ ಬಿದ್ದು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕಚೇರಿ ಕೊತಕೊತ ಕುದಿಯಿತು.

"ನೋಂಗ್ ಪುಲೋ, ಒಂದೆರಡು ವಾಕ್ಯ ಅಷ್ಟೇ!" ಮ್ಯಾಮ್ ವಿಸಿತಾ ಬೇಡಿಕೊಂಡರು.

"ಗಡ್ಡ ಅರ್ಧ ಬಿಟ್ಟಿದ್ದು ಸಾಲ್ದಾ, ಕತೇನೂ ಅರ್ಧಾನಾ!" ನೋನೋಯ್ ಕಿರುಚಿದ.

ಕ್ರಿಸ್ಪುಲೋ ಫೋನು ಹಿಡಿದು ಮೂಲೆಗೆ ಓಡಿ ಗೋಡೆಗೆ ಮುಖ ಮಾಡಿ ನಿಂತ. ಸ್ಪೀಕರ್ ಆರಿಸುವುದು ಅವನಿಗೆ ತಿಳಿಯದು. ಹಾಗಾಗಿ ಮುಂದಿನದನ್ನು ಊರೆಲ್ಲ ಕೇಳಿತು.

"ಲೂಮಿಂಗ್. ಫೋನಲ್ಲಿ ಹೇಳ್ಬೇಡ. ಕಾಯಂ ಆಗಿ ಬಂದ್ಮೇಲೆ ಹೇಳ್ತೀನಿ ಅಂತ ನೀನೇ ಅಂದಿದ್ದೆ."

"ಅಂದಿದ್ದೆ," ಎಂದಿತು ಫೋನು.

ಹದಿನೇಳು ವರ್ಷದಿಂದ ಕೇಳದ ಪ್ರಶ್ನೆ ಅವನ ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

"ಬೆರ್ನಾಬೆಗೆ ಕಾಲು ನೋಯ್ತಿದೆ ಲೂಮಿಂಗ್."

"ಕುಂಟು ಕಾಲಾ?"

"ಎರಡೂನು. ಬಹಳ ವರ್ಷ ಆಯ್ತಲ್ಲ, ನಿಂತು."

ಹಾಂಗ್‌ಕಾಂಗಿನ ಹೆಂಗಸರ ಗಲಗಲ ಮಾತ್ರ ಕೇಳುತ್ತಿತ್ತು. ಕಪಿತಾನಾ ಎರ್ಲಿಂದಾ ಕಿಟಕಿಯಾಚೆ ಸಮುದ್ರವನ್ನು ಬಹಳ ಗಮನವಿಟ್ಟು ನೋಡತೊಡಗಿದಳು. ನೋನೋಯ್ ಕೂತುಬಿಟ್ಟ.

"ನಿಂತ್ಕೊಂಡೇ ಕಾಯಿ ಅಂತ ಅವನಿಗೆ ಯಾರು ಹೇಳಿದ್ದು?" ಕೊನೆಗೆ ಲೂಮಿಂಗ್ ಅಂದಳು. ದನಿ ಒಡೆದಿತ್ತು. "ಕೂತ್ಕೊಳ್ಳಕ್ಕೆ ಹೇಳು ಪುಲೋ. ನಾನು ಬರ್ತೀನಿ."

ಯಾವಾಗ ಎಂದು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ.

ಕಪಿತಾನಾ ಕಡತ ತೆರೆದು ಬರೆದಳು: ಹೆಬ್ಬಾತು ಜೀವಂತವಿದೆ, ಮುಂದಿನ ವಿಚಾರಣೆ ಲೂಮಿಂಗ್ ಬಂದ ಮೇಲೆ. ಮೂರು ದಿನ ಮಾಡಿದ ಪ್ರಾರ್ಥನೆ ವ್ಯರ್ಥವಾಗಬಾರದೆಂದು ನಾಂಗ್ ಕಾರಿದಾದ್ ಮಿಕ್ಕ ಆರು ದಿನಗಳನ್ನು ಕಡಲ ಮೇಲಿರುವವರ ಸುಖ ಪ್ರಯಾಣಕ್ಕೆ ಬದಲಾಯಿಸಿದರು. ಮ್ಯಾಮ್ ವಿಸಿತಾ ಮೂರನೆಯ ಪುಸ್ತಕದ ನೂರ ತೊಂಬತ್ತನೆಯ ಪುಟದಲ್ಲಿ ಪೆನ್ಸಿಲಿನಿಂದ ಏನನ್ನೋ ತಿದ್ದಿದರೆಂದು ಮಕ್ಕಳು ಹೇಳುತ್ತಾರೆ. ನಾನು ನೋಡಿಲ್ಲ.

ಕ್ರಿಸ್ಪುಲೋ ನೇರವಾಗಿ ಅಂಗಡಿಗೆ ಹೋಗಿ ಬಾಗಿಲು ತೆಗೆದ. ಹಿಂದೆಯೇ ನೋನೋಯ್ ತನ್ನ ಅರ್ಧ ಗಡ್ಡದೊಂದಿಗೆ ಬಂದ, ಅವನ ಹಿಂದೆ ಇನ್ನೂ ನಾಲ್ಕು ಗಿರಾಕಿಗಳು. ನೋನೋಯ್ ಇನ್ನೇನು ಕುರ್ಚಿ ಹತ್ತಬೇಕು, ಅಷ್ಟರಲ್ಲಿ ಕ್ರಿಸ್ಪುಲೋ ಅದರಲ್ಲಿ ಕೂತ. ಮೆಲ್ಲಗೆ ಹಿಂದಕ್ಕೆ ಒರಗಿದ. ಎರಡೂ ಕಾಲುಗಳನ್ನು ಎತ್ತಿ ಕಾಲುಮಣೆಯ ಮೇಲಿಟ್ಟ.

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಂಚಿನ ಮೇಲೆ ಕೂತರು. ನೋನೋಯ್ ನಿಂತೇ ಇದ್ದ. ಕುರ್ಚಿಯ ಹಿಂದಿನಿಂದ ಅವನಿಗೆ ಕ್ರಿಸ್ಪುಲೋನ ಮೆಟ್ಟಿಲು ಮೆಟ್ಟಿಲಾದ ಕೂದಲು ಕಾಣುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಕತ್ತರಿ ಕೈಗೆ ತೆಗೆದುಕೊಂಡ.

"ಹಿಂದ್ಗಡೆ ಸ್ವಲ್ಪ ಏರುಪೇರಾಗಿದೆ ನೋಂಗ್ ಪುಲೋ. ಸರಿ ಮಾಡ್ಲಾ?"

"ಇರ್ಲಿ ಬಿಡು," ಎಂದ ಕ್ರಿಸ್ಪುಲೋ, ಕಣ್ಣು ಮುಚ್ಚಿಕೊಂಡೇ. "ಅದಕ್ಕೆ ಅವಳು ಬರ್ತಾಳೆ."